ಭಾವನದು ನಾರ್ಸಿಸಿಸಮ್ಮಾ, ಬೈಪೋಲಾರಾ? ಅನುಭವ ಇದ್ದವರು ಹೇಳಿ

ಥಾಣೆಯ ತಂಗಿ (ಪ್ರಶ್ನೆ): ಅಕ್ಕನ ಗಂಡನಿಗೆ 36. ಮದುವೆಯಾಗಿ ಐದು ವರ್ಷ. ನೆಂಟರೆದುರು ಅಕ್ಕನನ್ನು ಹೀಯಾಳಿಸುತ್ತಾರೆ. ಹೊಗಳದಿದ್ದರೆ ಎರಡು ದಿನ ಮಾತಿಲ್ಲ. ತಪ್ಪು ಯಾವತ್ತೂ ಅವರದಲ್ಲ. ವಿಡಿಯೋ ನೋಡಿ ಭಾವ ನಾರ್ಸಿಸಿಸ್ಟ್ (ತಾನೇ ಮೇಲು ಅಂದುಕೊಂಡು ಹೊಗಳಿಕೆ ಬಯಸುವ, ಬೇರೆಯವರ ನೋವು ಕಾಣದ ಮನುಷ್ಯ) ಅಂದುಕೊಂಡೆ. ಚಿಕ್ಕಪ್ಪನ ಮಗ ಬೈಪೋಲಾರ್ (ಮನಸ್ಸು ಕೆಲವು ಕಾಲ ವಿಪರೀತ ಏರಿ, ಕೆಲವು ಕಾಲ ಕುಗ್ಗಿಹೋಗುವ ಕಾಯಿಲೆ) ಅನ್ನುತ್ತಾನೆ. ಹೇಗೆ ಗೊತ್ತಾಗುತ್ತದೆ?

ಡೊಂಬಿವಲಿ: ನಾನೂ ಮೂರು ವರ್ಷ ಗಂಡನನ್ನು ನಾರ್ಸಿಸಿಸ್ಟ್ ಅಂತಲೇ ನಂಬಿದ್ದೆ. ಆ ಮೂರು ವರ್ಷ ಯಾರೂ ವಾಪಸ್ ಕೊಡುವುದಿಲ್ಲ. ಅವರದು ಹೋಟೆಲ್ ಕೆಲಸ. ಒಂದು ಮಾರ್ಚ್‌ನಲ್ಲಿ ಹತ್ತು ದಿನ, ರಾತ್ರಿಗೆ ಎರಡು ತಾಸು ಮಲಗಿದರೆ ಜಾಸ್ತಿ. ಬೆಳಗಿನ ಜಾವ ಮೂರಕ್ಕೆ ಎದ್ದು ನೋಡುತ್ತೇನೆ, ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಕಿತ್ತು ಅದರ ಬೆನ್ನಿಗೆ ಹೊಸ ಹೋಟೆಲಿನ ಮೆನು ಬರೆಯುತ್ತಿದ್ದಾರೆ. ನೀರುದೋಸೆಯ ಬೆಲೆ ಮೂರು ಸಲ ಬರೆದು ಹೊಡೆದಿದ್ದರು. "ಮುಂಬೈಯಲ್ಲಿ ನನ್ನಂಥ ತಲೆ ಇನ್ನೊಂದಿಲ್ಲ" ಅಂದರು. ಆ ವಾರವೇ ಭಿವಂಡಿಯ ಜಾಗಕ್ಕೆ 4 ಲಕ್ಷ ಅಡ್ವಾನ್ಸ್. ಅದರಲ್ಲಿ 1 ಲಕ್ಷ 60 ಸಾವಿರ ನನ್ನ ಬಳೆ ಒತ್ತೆ ಇಟ್ಟ ದುಡ್ಡು. ವಾಪಸ್ ಬಂದದ್ದು 70 ಸಾವಿರ. ಜೂನ್ ಹೊತ್ತಿಗೆ ಅದೇ ಮನುಷ್ಯ ಸ್ನಾನಕ್ಕೂ ಏಳುತ್ತಿರಲಿಲ್ಲ.

ಕೌನ್ಸೆಲರ್ ಹತ್ತಿರ 22 ಸಲ ಹೋದೆ, ಸಲಕ್ಕೆ 1,200. ಗಂಡನ ಮುಖವನ್ನೂ ನೋಡದೆ "ಅವರು ನಾರ್ಸಿಸಿಸ್ಟ್, ದೂರ ಇರಿ" ಅಂದುಬಿಟ್ಟರು. ಕೊನೆಗೆ ಸಿಕ್ಕಿದ ಸೈಕಿಯಾಟ್ರಿಸ್ಟ್ ಮೊದಲು ಕೇಳಿದ್ದೇ ನಿದ್ದೆಯ ಬಗ್ಗೆ. ಬೈಪೋಲಾರ್. ಅದರ ಉಬ್ಬರ ಬರುತ್ತದೆ, ಇಳಿಯುತ್ತದೆ. ದೊಡ್ಡಸ್ತಿಕೆ ಉಬ್ಬರದ ದಿನಗಳಲ್ಲಿ ಮಾತ್ರ. ಈಗ ಲಿಥಿಯಂ ಮಾತ್ರೆ, ಜೊತೆಗೆ ರಕ್ತ, ಥೈರಾಯ್ಡ್, ಕಿಡ್ನಿ ಟೆಸ್ಟ್. ವರ್ಷದಿಂದ ಅಡುಗೆಮನೆ ಲೈಟ್ ರಾತ್ರಿ ಹೊತ್ತಿಲ್ಲ.

ಪುಣೆ, ಕೊಥ್ರೂಡ್: ನನ್ನ ಅಮ್ಮನಿಗೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ನನಗೆ ನೆನಪಿರುವಾಗಿನಿಂದ ಒಂದೇ ಥರ. ಅದೇ ವ್ಯತ್ಯಾಸ. ಡಿಎಸ್‌ಎಂ-5ರಲ್ಲಿ (ಡಾಕ್ಟರುಗಳು ಮಾನಸಿಕ ಕಾಯಿಲೆ ಗುರುತಿಸಲು ಬಳಸುವ ಪುಸ್ತಕ) ನಾರ್ಸಿಸಿಸ್ಟಿಕ್ ಡಿಸಾರ್ಡರಿಗೆ ಒಂಬತ್ತು ಲಕ್ಷಣ ಕೊಟ್ಟಿದ್ದಾರೆ, ಐದಾದರೂ ಇರಬೇಕು, ಹರೆಯ ಕಳೆಯುವ ಹೊತ್ತಿಗೇ ಕಾಣಬೇಕು. ಅಮ್ಮನಲ್ಲಿ ನಾನು ಏಳು ಎಣಿಸಿದ್ದೇನೆ. ಮಗ ಹುಟ್ಟಿದ ದಿನ ಆಸ್ಪತ್ರೆಗೆ ಬಂದರು. ಮಗುವನ್ನು ನೋಡಿ "ಮೂಗು ನನ್ನದೇ" ಅಂದರು. ಆಮೇಲೆ ತಮಗೆ ಯಾರೂ ಕುರ್ಚಿ ಕೊಡಲಿಲ್ಲ ಅಂತ ಸಂಜೆವರೆಗೆ ಕೂಗಾಡಿದರು. ಹೆಂಡತಿಗೆ ಹೊಲಿಗೆ ಹಾಕಿ ನಾಲ್ಕು ತಾಸೂ ಆಗಿರಲಿಲ್ಲ. "ಹೇಗಿದ್ದೀಯಮ್ಮಾ" ಅನ್ನಲಿಲ್ಲ. ನಾನು ಥೆರಪಿಗೆ 61 ಸಲ ಹೋದೆ, 1,500ರಂತೆ 91,500. ಎರಡು ವರ್ಷದಿಂದ ಅಮ್ಮನ ಜೊತೆ ಮಾತಿಲ್ಲ. ಮಾಡಿದ್ದು ಸರಿ. ಇವರು ಬದಲಾಗುವುದಿಲ್ಲ, ಇವರಿಗೆ ನೋವೂ ಆಗುವುದಿಲ್ಲ.

ಡೊಂಬಿವಲಿ: ನಿಮ್ಮ ಅಮ್ಮನನ್ನು ಯಾವ ಡಾಕ್ಟರ್ ನೋಡಿದ್ದಾರೆ?

ಪುಣೆ, ಕೊಥ್ರೂಡ್: ನೋಡಬೇಕಾಗಿಲ್ಲ. 38 ವರ್ಷ ನಾನು ನೋಡಿದ್ದೇನೆ.

ಡೊಂಬಿವಲಿ: ಹಾಗೆ ಹೇಳಿದವರನ್ನು ನಂಬಿಯೇ ನಾನು ಮಗಳನ್ನು ಕಟ್ಟಿಕೊಂಡು ಎಂಟು ತಿಂಗಳು ತವರಿನಲ್ಲಿದ್ದೆ. ಕಾಯಿಲೆ ಬಿದ್ದ ಗಂಡ ಇಲ್ಲಿ ಮನೆಯಲ್ಲಿ ಒಬ್ಬರೇ ಇದ್ದರು. ಲಕ್ಷಣ ಎಣಿಸುವುದು ತರಕಾರಿ ತೂಗಿದ ಹಾಗಲ್ಲ.

ವಾಸ್ಕೊ: "ನೋವೂ ಆಗುವುದಿಲ್ಲ" ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಗಂಡನ ಮನೆಯವರು ನನ್ನನ್ನೇ ನಾರ್ಸಿಸಿಸ್ಟ್ ಅಂದು ಊರೆಲ್ಲ ಹೇಳಿದರು. ಗಂಡ ಫೋನ್ ಎತ್ತದಿದ್ದರೆ ನಲವತ್ತು ಸಲ ಮಾಡುತ್ತಿದ್ದೆ. ವಾಸ್ಕೊ ಸ್ಟೇಷನ್ ಪ್ಲಾಟ್‌ಫಾರ್ಮಿನಲ್ಲಿ ಕೂತು ಚಾರ್ಜ್ ಮುಗಿಯುವವರೆಗೆ ಮಾಡಿದ್ದೇನೆ. ಹೊಗಳಿಕೆ ಯಾರಿಗೆ ಬೇಕಿತ್ತು? ಬಿಟ್ಟುಹೋಗುತ್ತಾರೆ ಅನ್ನುವ ಭಯ ಒಂದೇ. ಕೋಪ ಬಂದರೆ ನನ್ನನ್ನೇ ನೋಯಿಸಿಕೊಳ್ಳುತ್ತಿದ್ದೆ. ನನ್ನದು ಭಾವನೆಗಳ ಹಿಡಿತ ತಪ್ಪುವ ಕಾಯಿಲೆ, ಬಾರ್ಡರ್‌ಲೈನ್. ಡಿಬಿಟಿ ಅನ್ನುವ ಮಾತಿನ ಚಿಕಿತ್ಸೆಗೆ ಹದಿನಾಲ್ಕು ತಿಂಗಳು ವಾರಾವಾರ ಪಣಜಿಗೆ ಬಸ್ಸಿನಲ್ಲಿ ಹೋದೆ. ಮಳೆಗಾಲದಲ್ಲೂ ಒಂದು ವಾರ ತಪ್ಪಿಸಲಿಲ್ಲ. ಬದಲಾದೆ. ನನ್ನ ಕಾಯಿಲೆ, ನಾರ್ಸಿಸಿಸಮ್ ಎರಡೂ ಒಬ್ಬರಲ್ಲೇ ಇರುವುದೂ ಉಂಟು ಅಂತ ನನ್ನ ಡಾಕ್ಟರೇ ಹೇಳಿದ್ದು. ನಾರ್ಸಿಸಿಸ್ಟಿಕ್ ಡಿಸಾರ್ಡರ್ ಇರುವವರಿಗೂ ಸಣ್ಣ ಟೀಕೆ ಒಳಗೆ ಚುಚ್ಚುತ್ತದೆ. ತೋರಿಸುವುದು ಕೋಪವನ್ನು, ಅಷ್ಟೇ.

ಪುಣೆ, ಕೊಥ್ರೂಡ್: ಅವರ ಒಳಗಿನ ನೋವು ಹುಡುಕುವ ಕೆಲಸವೂ ಮಕ್ಕಳದ್ದೇನು? ನಿಮ್ಮ ಕಷ್ಟಕ್ಕೆ ಗೌರವ ಇದೆ. ಆದರೆ ಆ ಮನೆಯಲ್ಲಿ ಬೆಳೆದದ್ದು ನಾನು.

ವಾಸ್ಕೊ: ದೂರ ಇರಿ, ಬೇಡ ಅನ್ನಲಿಲ್ಲ. ಸುಮ್ನೆ ಎಲ್ಲರನ್ನೂ ಒಂದೇ ಗೋಣಿಗೆ ತುಂಬಬೇಡಿ.

ಮುಲುಂಡ್: ಯಾವ ವಯಸ್ಸಿಗೆ ಶುರುವಾಯಿತು ಅಂತಲೂ ಕೇಳಿ. ನನ್ನ ಅಣ್ಣ 57ರವರೆಗೆ ಇರುವೆಯನ್ನೂ ಮೆಟ್ಟದವರು. ಆಮೇಲೆ ಅತ್ತಿಗೆಯ ಆಪರೇಷನ್ ದಿನ ಕ್ಯಾಂಟೀನಿನಲ್ಲಿ ನಗುತ್ತಾ ವಡಾ ಪಾವ್ ತಿನ್ನುತ್ತಿದ್ದರು. ಅಂಗಡಿಯಲ್ಲಿ ಪೇಡಾ ಎತ್ತಿ ಜೇಬಿಗೆ ಹಾಕಿದರು. ಮನೆಯವರೆಲ್ಲ "ಸೊಕ್ಕು" ಅಂದೆವು, ನಾನೂ ಅಂದೆ. ಎಂಆರ್‌ಐ ಆದಾಗ ತಿಳಿದದ್ದು ಫ್ರಂಟೊಟೆಂಪೊರಲ್ ಡಿಮೆನ್ಶಿಯಾ, ಮಿದುಳು ಸವೆದು ನಡವಳಿಕೆಯೇ ಬದಲಾಗುವ ಕಾಯಿಲೆ. ನಾನು ಬೈದದ್ದಕ್ಕೆ ಕ್ಷಮೆ ಕೇಳುವ ಹೊತ್ತಿಗೆ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಥಾಣೆಯ ತಂಗಿ: ಭಾವ ಚೆನ್ನಾಗಿ ನಿದ್ದೆ ಮಾಡುತ್ತಾರಂತೆ. ಐದು ವರ್ಷವೂ ಒಂದೇ ಥರ. ಡಾಕ್ಟರ್ ಅಂದರೆ "ಹುಚ್ಚು ನಿನಗೆ" ಅನ್ನುತ್ತಾರೆ.

ವಾಸ್ಕೊ: ಹಾಗಾದರೆ ಅಕ್ಕನೇ ಹೋಗಲಿ, ತನ್ನ ಸಲುವಾಗಿ. ತಕ್ಷಣಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ.

ಘಾಟ್ಕೋಪರ್: ಡೈವೋರ್ಸ್‌ಗೆ ಕಾಯಿಲೆಯ ಹೆಸರೇ ಬೇಕಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯ ಒಂದು ಕಾರಣ. ಮಾನಸಿಕ ಹಿಂಸೆಯೂ ಅದರಲ್ಲಿ ಬರುತ್ತದೆ. ಗಂಡ ನಾರ್ಸಿಸಿಸ್ಟ್ ಅಂತ ಸಾಬೀತು ಮಾಡಲು ಹೋಗಿ ನಾನು ಒಂದೂವರೆ ವರ್ಷ, 2 ಲಕ್ಷ 35 ಸಾವಿರ ಕಳೆದೆ. ವಕೀಲರನ್ನು ಬದಲಿಸಿದೆ. ಹೊಸಬರು ಹೇಳಿದರು: ಅವನು ಏನು ಅನ್ನೋದು ಬಿಡಿ, ಏನು ಮಾಡಿದ ಅಂತ ತಾರೀಖು ಹಾಕಿ ಬರೆಯಿರಿ.

ಡೊಂಬಿವಲಿ: ಡೈವೋರ್ಸ್ ಅಂತ ಆ ಹುಡುಗಿ ಎಲ್ಲಿ ಕೇಳಿದಳು? ಎಲ್ಲರೂ ಬಿಟ್ಟುಬಿಡು ಅನ್ನುವವರೇ.

ಘಾಟ್ಕೋಪರ್: ನಿಮ್ಮ ಗಂಡ ಔಷಧಿಗೆ ಸರಿಹೋದರು. ನಾರ್ಸಿಸಿಸಮ್ಮಿಗೆ ಅಂತ ಮಾತ್ರೆ ಇಲ್ಲ. ಥೆರಪಿಗೆ ಅವನೇ ಕೂರಬೇಕು. ನನ್ನವನು ಕೂರಲಿಲ್ಲ. ನಾನು ಹನ್ನೊಂದು ವರ್ಷ ಕಾದೆ.

ಡೊಂಬಿವಲಿ: ಗೊತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಎರಡನೇ ವಕೀಲರು ಅಡ್ವಾನ್ಸ್ ವಾಪಸ್ ಪಡೆಯುವ ಕೇಸ್ ತೆಗೆದುಕೊಳ್ಳುತ್ತಾರಾ? ಭಿವಂಡಿಯಲ್ಲಿ ಇನ್ನೂ 3 ಲಕ್ಷ 30 ಸಾವಿರ ಸಿಕ್ಕಿಹಾಕಿಕೊಂಡಿದೆ.