ಮಧ್ಯ ಜಾವಾದ ಹಳ್ಳಿಯಲ್ಲಿ ಹೆಂಡತಿಯ ಹೆಸರಿಗೆ ಜಮೀನು: ಕಾಗದಪತ್ರ, ವಾಸ, ಓಡಾಟದ ಬಗ್ಗೆ ಸಲಹೆ ಬೇಕಿದೆ

ಜಕಾರ್ತಾವಾಸಿ:

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತು ವರ್ಷಗಳಿಂದ ಜಕಾರ್ತಾದಲ್ಲಿ ಕೆಲಸದಲ್ಲಿದ್ದೇನೆ. ಆರು ವರ್ಷಗಳ ಹಿಂದೆ ಇಲ್ಲಿಯವಳನ್ನೇ ಮದುವೆಯಾದೆ. ನನ್ನದು ಈಗಲೂ ಭಾರತದ ಪೌರತ್ವ, ಹೆಂಡತಿಯದು ಇಂಡೊನೇಷ್ಯಾದ ಪೌರತ್ವ. ಅವಳ ತವರು ಮಗೆಲಾಂಗ್ ಜಿಲ್ಲೆಯಲ್ಲಿ, ಮೆರ್ಬಾಬು ಪರ್ವತದ ಪಶ್ಚಿಮ ತಪ್ಪಲಿನ ಒಂದು ಹಳ್ಳಿ. ಎಲೆಕೋಸು, ಮೆಣಸಿನಕಾಯಿ, ಹೊಗೆಸೊಪ್ಪು ಬೆಳೆಯುವ ಊರು.

ಮಾವನವರು ಮನೆಗೆ ಹೊಂದಿಕೊಂಡ ಸುಮಾರು 600 ಚದರ ಮೀಟರ್ ಹಿತ್ತಿಲನ್ನು ಮಗಳ ಹೆಸರಿಗೆ ದಾನಪತ್ರ ಮಾಡಿಕೊಡುವ ಮನಸ್ಸು ಮಾಡಿದ್ದಾರೆ. ಆ ಜಾಗಕ್ಕೆ ಇರುವ ದಾಖಲೆಯೆಂದರೆ ಗ್ರಾಮ ಕಚೇರಿಯ ‘ಲೆಟರ್ ಸಿ’ ಪುಸ್ತಕದ ಒಂದು ನಮೂದು ಮತ್ತು ವರ್ಷವರ್ಷವೂ ಕಟ್ಟಿದ ಭೂತೆರಿಗೆಯ ಚೀಟಿಗಳು. ಒಡೆತನದ ಸರ್ಟಿಫಿಕೇಟ್ ಮಾಡಿಸಿಲ್ಲ. ಅದರ ಪಕ್ಕದಲ್ಲಿರುವ ನೆರೆಯವರ ತರಕಾರಿ ಹೊಲವೂ ಮಾರಾಟಕ್ಕಿದೆ. ವಿದೇಶಿಯನ್ನು ಮದುವೆಯಾದವಳು ಜಮೀನು ಕೊಳ್ಳಲಾಗದು, ಆದ್ದರಿಂದ ಹೆಂಡತಿಯ ದಾಯಾದಿಯೊಬ್ಬರ ಹೆಸರಿನಲ್ಲಿ ಕೊಂಡು, ಹಣ ನನ್ನದೆಂದು ಬೇರೆ ಒಪ್ಪಂದ ಬರೆಸಿಟ್ಟುಕೊಳ್ಳಿ ಎಂದು ಮಧ್ಯವರ್ತಿಯೊಬ್ಬರು ಹೇಳುತ್ತಿದ್ದಾರೆ. ಮದುವೆಗೆ ಮೊದಲು ನಾವು ಆಸ್ತಿಯ ಕುರಿತು ಯಾವ ಕರಾರನ್ನೂ ಮಾಡಿಕೊಂಡಿಲ್ಲ.

ಮುಂದಿನ ವರ್ಷ ಅಲ್ಲಿ ಮನೆ ಕಟ್ಟಿ, ತಿಂಗಳಿಗೆ ಹತ್ತು ದಿನವಾದರೂ ಹಳ್ಳಿಯಲ್ಲಿರಬೇಕೆಂಬುದು ನಮ್ಮ ಆಸೆ. ಕಾನೂನಿನ ದಾರಿ ಯಾವುದು, ಹಳ್ಳಿಯಲ್ಲಿ ನನ್ನಂಥವನಿಂದ ಏನನ್ನು ನಿರೀಕ್ಷಿಸುತ್ತಾರೆ, ಜಕಾರ್ತಾದಿಂದ ಹೋಗಿಬರುವುದು ಹೇಗೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಸಲಾಟಿಗಾದಿಂದ:

ಮೊದಲನೆಯದಾಗಿ, ಆ ಮಧ್ಯವರ್ತಿಯ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. 1960ರ ಭೂ ಮೂಲ ಕಾನೂನಿನ ಪ್ರಕಾರ ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನ ಇರುವುದು ಇಂಡೊನೇಷ್ಯಾದ ಪ್ರಜೆಗಳಿಗೆ ಮಾತ್ರ. ವಿದೇಶಿಯ ಕೈಗೆ ಆ ಹಕ್ಕನ್ನು ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ದಾಟಿಸುವ ಯಾವುದೇ ವ್ಯವಹಾರ ಅದೇ ಕಾನೂನಿನ 26ನೆಯ ವಿಧಿಯಂತೆ ಅಸಿಂಧು. ಅಂಥ ಜಮೀನು ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ಮರಳಿ ಕೇಳುವಂತಿಲ್ಲ. ನೀವು ಬರೆಸಿಟ್ಟುಕೊಳ್ಳುವ ಆ ಬೇರೆ ಒಪ್ಪಂದವೇ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ.

ಆದರೆ ವಿದೇಶಿಯ ಹೆಂಡತಿ ಜಮೀನು ಕೊಳ್ಳಲೇ ಆಗದು ಎಂಬುದು ಅರ್ಧ ಸತ್ಯ. 1974ರ ವಿವಾಹ ಕಾನೂನಿನಂತೆ ಮದುವೆಯ ನಂತರ ಗಳಿಸಿದ್ದೆಲ್ಲವೂ ಗಂಡಹೆಂಡತಿಯ ಜಂಟಿ ಆಸ್ತಿಯಾಗುತ್ತದೆ. ಆಗ ಅದರಲ್ಲಿ ವಿದೇಶಿಯ ಪಾಲು ಬೆರೆಯುವುದರಿಂದ ತೊಡಕಾಗುತ್ತದೆ. ದಾನವಾಗಿ ಇಲ್ಲವೇ ಪಿತ್ರಾರ್ಜಿತವಾಗಿ ಬಂದದ್ದು ಮಾತ್ರ, ಬೇರೆ ಕರಾರಿಲ್ಲದಿದ್ದರೆ, ಪಡೆದವರ ಸ್ವಂತದ್ದಾಗಿಯೇ ಉಳಿಯುತ್ತದೆ. ಹೀಗಾಗಿ ಮಾವನವರು ಕೊಡುವ ಹಿತ್ತಿಲು ಒಂದು ಲೆಕ್ಕ, ನೀವು ಕೊಳ್ಳಬೇಕೆಂದಿರುವ ಹೊಲ ಇನ್ನೊಂದು ಲೆಕ್ಕ. ಹಿಂದೆಲ್ಲ ಆಸ್ತಿ ಬೇರ್ಪಡಿಸುವ ಕರಾರನ್ನು ಮದುವೆಗೆ ಮೊದಲೇ ಮಾಡಿಕೊಳ್ಳಬೇಕಿತ್ತು. 2016ರ ಅಕ್ಟೋಬರಿನಲ್ಲಿ ಸಂವಿಧಾನ ನ್ಯಾಯಾಲಯವು, ಒಬ್ಬ ಜಪಾನೀಯನ ಹೆಂಡತಿಯಾದ ಇಂಡೊನೇಷ್ಯಾದ ಮಹಿಳೆಯ ಅರ್ಜಿಯ ಮೇಲೆ, ಮದುವೆಯಾದ ನಂತರವೂ ಅಂಥ ಕರಾರು ಮಾಡಿಕೊಳ್ಳಬಹುದೆಂದು ತೀರ್ಪಿತ್ತಿತು. ಬೇರೆ ಯಾವ ಕೆಲಸಕ್ಕೂ ಮೊದಲು ನೋಟರಿಯ ಮುಂದೆ ಆ ಕರಾರು ಮಾಡಿಸಿ, ಅದನ್ನು ನಿಮ್ಮ ವಿವಾಹ ದಾಖಲಾದ ಕಚೇರಿಯಲ್ಲಿ ನೋಂದಾಯಿಸಿ.

ಹೊಲದ ವಿಷಯದಲ್ಲಿ ಮತ್ತೊಂದು ಅಡ್ಡಿಯಿದೆ. ಕೃಷಿ ಭೂಮಿಯ ಒಡೆಯರು ಆ ಭೂಮಿಯಿರುವ ಕೆಚಮಾತನ್‌ನಲ್ಲಿ, ಅಂದರೆ ಆ ಉಪಜಿಲ್ಲೆಯಲ್ಲಿ, ವಾಸವಾಗಿರಬೇಕೆಂಬುದು 1961ರಿಂದ ಇರುವ ನಿಯಮ. ನಿಮ್ಮ ಹೆಂಡತಿಯ ಗುರುತಿನ ಚೀಟಿ ಜಕಾರ್ತಾದ್ದಾಗಿದ್ದರೆ ಹೊಲದ ನೋಂದಣಿ ಅಲ್ಲಿಯೇ ನಿಂತುಬಿಡಬಹುದು.

ಇನ್ನು ಲೆಟರ್ ಸಿ ವಿಚಾರ. ಅದು ಮೂಲತಃ ತೆರಿಗೆಯ ಪುಸ್ತಕ. 2021ರ 18ನೆಯ ಸರ್ಕಾರಿ ನಿಯಮಾವಳಿಯು ಇಂಥ ಹಳೆಯ ದಾಖಲೆಗಳನ್ನು ಐದು ವರ್ಷಗಳೊಳಗೆ ನೋಂದಾಯಿಸಬೇಕೆಂದಿತು. ಆ ಅವಧಿಯ ಕೊನೆ 2026ರ ಫೆಬ್ರವರಿ. ಆಮೇಲೆ ಅವು ಒಡೆತನದ ಪುರಾವೆಯಾಗಿ ನಿಲ್ಲುವುದಿಲ್ಲ, ನೋಂದಣಿಗೆ ಸುಳಿವಾಗಿ ಮಾತ್ರ ಉಳಿಯುತ್ತವೆ. ಆದ್ದರಿಂದ ಜಾಗ ಮೊದಲು ಮಾವನವರ ಹೆಸರಿನಲ್ಲಿಯೇ ಸರ್ಟಿಫಿಕೇಟ್ ಆಗಲಿ, ದಾನಪತ್ರವನ್ನು ಆಮೇಲೆ ಭೂಪತ್ರ ಬರೆಯುವ ಅಧಿಕಾರವುಳ್ಳ ‘ಪಿಪಿಎಟಿ’ (PPAT) ಅಧಿಕಾರಿಯ ಮುಂದೆ ಮಾಡಿಸಿ. ನಿಮ್ಮ ಹಳ್ಳಿಯಲ್ಲಿ ಸರ್ಕಾರದ ಸಾಮೂಹಿಕ ನೋಂದಣಿ ನಡೆಯುವುದಿದೆಯೇ ಎಂದು ಗ್ರಾಮ ಕಚೇರಿಯಲ್ಲಿ ವಿಚಾರಿಸಿ. ಜಾವಾ ಮತ್ತು ಬಾಲಿಯಲ್ಲಿ ಅದರ ಪೂರ್ವಸಿದ್ಧತೆಗೆ ನಿಗದಿಯಾದ ಶುಲ್ಕ 1,50,000 ರುಪಿಯಾ. ತೆರಿಗೆಗಳು ಅದರಲ್ಲಿ ಸೇರಿಲ್ಲ.

ಮೋಜಣಿಯ ದಿನದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನಮ್ಮ ಅತ್ತೆಯವರ ಜಾಗವನ್ನು ಅಳೆಯುವ ದಿನ ಮೂರು ದಿಕ್ಕಿನ ನೆರೆಯವರು ಬಂದು ನಿಂತಿದ್ದರು. ಉತ್ತರದ ಕಡೆಯವರು ಮಾತ್ರ ಮಗನ ಮನೆಗೆ ಹೋಗಿದ್ದರು. ಅಲ್ಲಿ ಎಲ್ಲೆಯೆಂದರೆ ಸಾಲಾಗಿ ನೆಟ್ಟ ಕೆಂಪೆಲೆಯ ‘ಆಂಡೊಂಗ್’ ಗಿಡಗಳು. ವರ್ಷ ಕಳೆದಂತೆ ಗಿಡಗಳು ಹಬ್ಬಿ, ಮೂಲ ಸಾಲು ಯಾವುದೆಂದು ಹೇಳಬಲ್ಲವರು ಆ ಹಿರಿಯರೊಬ್ಬರೇ ಆಗಿದ್ದರು. ನೆರೆಯವರೆಲ್ಲರ ಒಪ್ಪಿಗೆಯ ಸಹಿಯಿಲ್ಲದೆ ಎಲ್ಲೆ ನಿಗದಿಯಾಗದು, ಹೀಗಾಗಿ ನಮ್ಮ ಕೆಲಸ ಎಂಟು ತಿಂಗಳು ಹಿಂದೆ ಬಿತ್ತು. ಅವರು ಮರಳಿದ ಮೇಲೆ ನಮ್ಮ ಅತ್ತೆ ಒಂದು ಬುಟ್ಟಿ ಜೋಳ ಬೇಯಿಸಿಕೊಂಡು ಅವರ ಮನೆಗೆ ಹೋದರು. ಆ ಹಿರಿಯರು ಎದ್ದು ಬಂದು ಕುಡುಗೋಲಿನಿಂದ ಹಬ್ಬಿದ್ದನ್ನೆಲ್ಲ ಕಡಿದು, ಬೇರುಸಹಿತ ಹಳೆಯ ಬುಡವನ್ನೇ ತೋರಿಸಿದರು. ನಿಮ್ಮ ಚಕ್ಕುಬಂದಿಯ ನಾಲ್ಕೂ ಕಡೆಯವರೊಡನೆ ಮಾವನವರು ಈಗಿನಿಂದಲೇ ಮಾತಾಡಿಡುವುದು ಒಳ್ಳೆಯದು.

ಉಬುದ್ ನೆರೆಯವನು:

ನಾನು ಬಾಲಿಯಲ್ಲಿರುವವನು, ಇಲ್ಲಿಯ ವ್ಯವಸ್ಥೆಯೇ ಬೇರೆ. ಆದರೂ ಬೇರೆಯವರ ಹೆಸರಿನಲ್ಲಿ ಕೊಳ್ಳುವ ದಾರಿಯ ಫಲವನ್ನು ಹತ್ತಿರದಿಂದ ಕಂಡಿರುವುದರಿಂದ ಬರೆಯುತ್ತಿದ್ದೇನೆ. ನನ್ನ ಪರಿಚಯದ ಯುರೋಪಿನ ದಂಪತಿಗಳು ಸ್ಥಳೀಯರೊಬ್ಬರ ಹೆಸರಿನಲ್ಲಿ ಕೊಂಡ ಜಾಗದಲ್ಲಿ ಮನೆ ಕಟ್ಟಿದರು. ಆ ವ್ಯಕ್ತಿ ತೀರಿಕೊಂಡಾಗ ಮಕ್ಕಳು ಒಪ್ಪಂದವನ್ನು ಮಾನ್ಯ ಮಾಡಲಿಲ್ಲ, ದಂಪತಿಗಳು ಊರು ಬಿಡಬೇಕಾಯಿತು. ಮಕ್ಕಳದ್ದು ತಪ್ಪೆಂದು ನಾನು ಹೇಳಲಾರೆ, ಕಾನೂನಿನ ದೃಷ್ಟಿಯಲ್ಲಿ ಅದು ಅವರ ತಂದೆಯ ಜಮೀನೇ. ನೀವು ನಿಮ್ಮ ಹೆಸರಿನಲ್ಲಿಯೇ ಏನಾದರೂ ಹೊಂದಬೇಕೆಂದರೆ ಗೇಣಿಯ ಕರಾರಿದೆ. ‘ಹಕ್ ಪಕಾಯ್’ ಎಂಬ ಬಳಕೆಯ ಹಕ್ಕೂ ಇದೆ, 30 ವರ್ಷ, ವಿಸ್ತರಣೆ 20, ನವೀಕರಣ 30. ಆದರೆ ವಿದೇಶಿಯರು ಕೊಳ್ಳಬಹುದಾದ ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆಯನ್ನು ಶತಕೋಟಿ ರುಪಿಯಾಗಳ ಲೆಕ್ಕದಲ್ಲಿ ಗೊತ್ತುಮಾಡಿರುವುದರಿಂದ, ಹಳ್ಳಿಯ ಮನೆಗೆ ಅದು ಹೊಂದುವುದಿಲ್ಲ.

ಜಕಾರ್ತಾವಾಸಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೊಲದ ಆಲೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಕೇಳಲು ಮನಸ್ಸಿಗೆ ಕಷ್ಟವಾದರೂ ಒಂದು ಮಾತು ಕೇಳಲೇಬೇಕಿದೆ: ನಾಳೆ ಹೆಂಡತಿ ನನಗಿಂತ ಮೊದಲು ತೀರಿಕೊಂಡರೆ ಆ ಮನೆಯ ಗತಿಯೇನು? ನಮಗೆ ನಾಲ್ಕು ವರ್ಷದ ಮಗಳಿದ್ದಾಳೆ.

ಮಗೆಲಾಂಗಿನ ಅಳಿಯ:

ನಿಮ್ಮ ಪಾಲಿಗೆ ಬರುವ ಹಕ್ಕನ್ನು ನೀವು ಒಂದು ವರ್ಷದೊಳಗೆ ಬಿಟ್ಟುಕೊಡಬೇಕಾಗುತ್ತದೆ. ಆದರೆ 2006ರ ಪೌರತ್ವ ಕಾನೂನಿನಂತೆ ಮಿಶ್ರ ವಿವಾಹದ ಮಕ್ಕಳು 18 ತುಂಬುವವರೆಗೆ ಸೀಮಿತ ಉಭಯ ಪೌರತ್ವ ಹೊಂದಿರಬಹುದು, 21ರೊಳಗೆ ಒಂದನ್ನು ಆರಿಸಿಕೊಳ್ಳಬೇಕು. ಮಗಳ ಇಂಡೊನೇಷ್ಯಾದ ಪೌರತ್ವದ ಕಾಗದಗಳನ್ನು ಈಗಲೇ ಸರಿಪಡಿಸಿಟ್ಟರೆ ಮನೆ ಅವಳಿಗೆ ಉಳಿಯುತ್ತದೆ.

ಓಡಾಟದ ಬಗ್ಗೆ: ಮಗೆಲಾಂಗಿಗೆ ಈಗ ರೈಲಿಲ್ಲ. ಗಂಬಿರ್ ಅಥವಾ ಪಸಾರ್ ಸೆನೆನ್ ನಿಲ್ದಾಣದಿಂದ ರಾತ್ರಿ ರೈಲಿನಲ್ಲಿ ಯೋಗ್ಯಕರ್ತಾಕ್ಕೆ ಬಂದು, ಜೊಂಬೊರ್ ನಿಲ್ದಾಣದಿಂದ ಮಗೆಲಾಂಗಿನ ಬಸ್ ಹಿಡಿಯಬೇಕು. ವಿಮಾನದಲ್ಲಿ ಬಂದರೆ ಹೊಸ ವಿಮಾನ ನಿಲ್ದಾಣ ಕುಲೊನ್ ಪ್ರೊಗೊದಲ್ಲಿ, ಊರಿನಿಂದ ಸಾಕಷ್ಟು ದೂರದಲ್ಲಿದೆ. ಬೆಟ್ಟದ ಮೇಲಿನ ಹಳ್ಳಿಗಳಿಗೆ ಹೋಗುವ ಸಣ್ಣ ಬಸ್ಸುಗಳು ಮಧ್ಯಾಹ್ನ ಕಳೆದಂತೆ ವಿರಳವಾಗುತ್ತವೆ, ಆಮೇಲೆ ‘ಓಜೆಕ್’ ಎಂಬ ಬಾಡಿಗೆ ಬೈಕ್ ಒಂದೇ ಗತಿ. ಆ್ಯಪಿನ ಓಜೆಕ್ ನಿಮ್ಮನ್ನು ಮೇಲೆ ಬಿಟ್ಟುಬರುತ್ತದೆ, ಆದರೆ ಮೇಲಿನಿಂದ ಕರೆದರೆ ಬರುವುದು ಅಪರೂಪ. ಹಳ್ಳಿಯ ಓಜೆಕ್ ಸವಾರರೊಬ್ಬರ ನಂಬರ್ ಇಟ್ಟುಕೊಂಡಿರಿ. ಲೆಬಾರನ್ ಹಬ್ಬಕ್ಕೆ, ಅಂದರೆ ಈದ್ ಉಲ್ ಫಿತ್ರ್‌ಗೆ, ಊರಿಗೆ ಮರಳುವ ‘ಮುಡಿಕ್’ ಸಮಯದಲ್ಲಿ ವಾರಗಳ ಮೊದಲೇ ಟಿಕೆಟ್ ಮಾಡಿಸದಿದ್ದರೆ ಸೀಟು ಸಿಗುವುದಿಲ್ಲ.

ಹಳ್ಳಿಯ ನಿರೀಕ್ಷೆಗಳು ಹೆಚ್ಚಿನವಲ್ಲ, ಆದರೆ ತಪ್ಪಿಸುವಂಥವೂ ಅಲ್ಲ. ಬಂದ 24 ಗಂಟೆಯೊಳಗೆ ಪಾ ಆರ್‌ಟಿಯವರ, ಅಂದರೆ ಓಣಿಯ ಮುಖಂಡರ, ಮನೆಗೆ ಹೋಗಿ ಹೆಸರು ಬರೆಸಿ, ನಿಮ್ಮ ವಾಸದ ಪರವಾನಗಿಯ ಪ್ರತಿ ಕೊಡಿ. ರಸ್ತೆ, ಚರಂಡಿ ಸ್ವಚ್ಛಗೊಳಿಸುವ ‘ಕೆರ್ಜಾ ಬಕ್ತಿ’ಯ ಭಾನುವಾರ ಊರಿನಲ್ಲಿದ್ದರೆ ಗುದ್ದಲಿ ಹಿಡಿದು ಹೋಗಿ. ನಮ್ಮ ಓಣಿಯಲ್ಲಿ ಈಗಲೂ ‘ಜಿಂಪಿತಾನ್’ ಇದೆ. ಪ್ರತಿ ಮನೆಯ ಮುಂದೆ ಒಂದು ಪುಟ್ಟ ಪ್ಲಾಸ್ಟಿಕ್ ಲೋಟ ನೇತುಹಾಕಿರುತ್ತಾರೆ, ಅದರಲ್ಲಿ ದಿನವೂ ಒಂದು ಚಿಟಿಕೆ ಅಕ್ಕಿ ಅಥವಾ 500 ರುಪಿಯಾದ ನಾಣ್ಯ ಹಾಕಬೇಕು. ರಾತ್ರಿ ಗಸ್ತಿನವರು ಬಂದು ಅದನ್ನು ಎತ್ತಿಕೊಂಡು ಲೆಕ್ಕ ಬರೆದಿಡುತ್ತಾರೆ. ಯಾರ ಮನೆಯಲ್ಲಾದರೂ ಕಾಯಿಲೆ, ಸಾವು ಬಂದಾಗ ಆ ಹಣ ಹೋಗುತ್ತದೆ. ನಾನು ಕೆಲಸದ ಮೇಲೆ ಸೆಮಾರಾಂಗ್‌ಗೆ ಹೋದಾಗ ಲೋಟ ಖಾಲಿ ಇರಬಾರದೆಂದು ಒಂದು ವಾರದ ನಾಣ್ಯಗಳನ್ನು ಒಟ್ಟಿಗೆ ಹಾಕಿ ಹೋಗುತ್ತೇನೆ. ತಿಂಗಳಿಗೆ ಹತ್ತೇ ದಿನ ಇರುವ ನೀವೂ ಉಳಿದ ಇಪ್ಪತ್ತು ದಿನಗಳ ಲೋಟದ ಬಗ್ಗೆ ಮಾವನವರಿಗೆ ಹೇಳಿಡಿ.

ಮನೆ ಕಟ್ಟುವುದಕ್ಕೆ ಮಳೆಗಾಲ ಮುಗಿಯುವುದನ್ನು ಕಾಯಿರಿ, ನವೆಂಬರಿನಿಂದ ಮಾರ್ಚ್‌ವರೆಗೆ ಆ ಇಳಿಜಾರಿನಲ್ಲಿ ಪಾಯ ತೋಡುವುದು ಅಪಾಯ. ಪಾಯ ತೋಡುವ ಮುನ್ನ ನೆರೆಯವರನ್ನು ಕರೆದು ಒಂದು ಸಣ್ಣ ‘ಸ್ಲಾಮೆತಾನ್’ ಊಟ ಹಾಕಿಸುವುದನ್ನು ಮಾವನವರು ಹೇಗೂ ಬಯಸುತ್ತಾರೆ. ಉತ್ತರದ ಕಡೆಯ ನೆರೆಯವರು ಆ ದಿನ ಊರಿನಲ್ಲಿರುವಂತೆ ನೋಡಿಕೊಳ್ಳಿ.