ಪದಚರ್ಚೆ: ಕಂಪ್ಯೂಟರಿನ ‘ಲಾಕ್’ಗೆ ಚಿಲಕ ಅನ್ನಬಹುದೇ, ಕೀಲಿಯೇ ಆಗಬೇಕೇ?

ಎಲ್ಲರಿಗೂ ನಮಸ್ಕಾರ.

‘ಲಾಕ್’ ಮತ್ತು ‘ಲಾಗ್ ಔಟ್’ ಬೇರೆ ಬೇರೆ ಅಂತ ಕೇಳಿದ ಕೂಡಲೇ ತಿಳಿಯುವಂಥ ಎರಡು ಕನ್ನಡ ಮಾತು ಬೇಕಾಗಿವೆ. ಪರಿಭಾಷಾ ಕೋಶದಲ್ಲಿ ಕೂಡ್ರುವ ಮಾತು ಬೇಡ. ಹುಬ್ಬಳ್ಳಿ-ಧಾರವಾಡದ ಮನೆಯೊಳಗೆ ಆಡಿದರೆ ಯಾರೂ ಮುಖ ಮುಖ ನೋಡದಂಥವು ಬೇಕು.

ಧಾರವಾಡದಲ್ಲಿರುವ ನಮ್ಮ ಕಾಕಾ ನಿವೃತ್ತ ಶಿಕ್ಷಕರು. ಅವರ ಮನೆಯ ಒಂದೇ ಕಂಪ್ಯೂಟರನ್ನು ಕಾಕಾ, ಕಾಕು, ಕಾಲೇಜಿಗೆ ಹೋಗುವ ಮೊಮ್ಮಗಳು ಮೂವರೂ ಬಳಸುತ್ತಾರೆ. ಅದರ ಪಕ್ಕದ ಗೋಡೆಗೆ ಅಂಟಿಸಲು ಒಂದು ಹಾಳೆಯಷ್ಟು ಸೂಚನೆ ಬರೆದುಕೊಡು ಅಂತ ಕಾಕಾ ಹೇಳಿದ್ದಾರೆ. ಅವರ ತಕರಾರು ಅವರ ಮಾತಿನಲ್ಲೇ ಹೀಗಿದೆ: “ರಾತ್ರಿ ಪೂರಾ ಬಂದ್ ಮಾಡಿ ಮುಂಜಾನೆ ಹಚ್ಚಿದ್ರ ಏನೂ ಕೇಳಂಗಿಲ್ಲ, ಸೀದಾ ಒಳಗ ಬಿಡತೈತಿ. ಚಾ ಕುಡದು ಬರೂದ್ರಾಗ ಪಾಸ್‌ವರ್ಡ್ ಹಾಕು ಅಂತೈತಿ. ಒಂದೊಂದ್ ಸಲ ಅದನ್ನೂ ಕೇಳಂಗಿಲ್ಲ. ತಮ್ಮಾ, ಇದಕ್ಕ ಏನರೆ ನೀತಿ ಐತೇನು?”

ನೀತಿ ಇದೆ, ಆದರೆ ಅದು ಒಂದೇ ಕಡೆ ಇಲ್ಲ. ಹಚ್ಚಿದ ಕೂಡಲೇ ತಾನೇ ಲಾಗಿನ್ ಆಗಲಿ ಅಂತ ಯಾರೋ ಹಿಂದೆ ವ್ಯವಸ್ಥೆ ಮಾಡಿಟ್ಟಿದ್ದಾರೆ. ಅದು ನಡೆಯುವುದು ಯಂತ್ರ ಹೊಸದಾಗಿ ಶುರುವಾದಾಗ ಮಾತ್ರ. ನಿದ್ದೆಯಿಂದ (ಸ್ಲೀಪ್) ಎದ್ದಾಗ ಪಾಸ್‌ವರ್ಡ್ ಕೇಳಬೇಕೋ ಬೇಡವೋ ಅನ್ನುವುದು ಬೇರೆ ಕಡೆ ಇದೆ: ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ, ಅಕೌಂಟ್ಸ್ ಒಳಗೆ ‘ಸೈನ್-ಇನ್ ಆಪ್ಷನ್ಸ್’. ಮೂರನೆಯದು ಸ್ಕ್ರೀನ್ ಸೇವರಿನ ಕಿಟಕಿಯಲ್ಲಿರುವ ಸಣ್ಣ ಟಿಕ್ ಗುರುತು. ಮರಳಿ ಬಂದಾಗ ಲಾಗಿನ್ ಪರದೆ ತೋರಿಸು ಅನ್ನುವ ಆ ಟಿಕ್ಕು ಹಳೆಯ ಕಾಲದಿಂದಲೂ ಹಾಗೇ ಉಳಿದುಕೊಂಡು ಬಂದಿದೆ. ಇವಾವೂ ಅಲ್ಲದೆ, ಬರೀ ಮಾನಿಟರ್ ಕಪ್ಪಾಗಿದ್ದರೆ ಮೌಸ್ ಅಲುಗಿಸಿದರೆ ಸಾಕು, ಏನೂ ಕೇಳದೆ ಮೊದಲಿನಂತೆ ಬರುತ್ತದೆ. ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಇದ್ದರೆ ಗೊಂದಲ ಇನ್ನೂ ಹೆಚ್ಚು. ಹಳೆಯ ಡೆಸ್ಕ್‌ಟಾಪಿನಲ್ಲಿ ‘ಎಂದೂ ಬೇಡ’ ಇಲ್ಲವೇ ‘ನಿದ್ದೆಯಿಂದ ಎದ್ದಾಗ’ ಎಂಬ ಎರಡೇ ಆಯ್ಕೆ ಇದ್ದರೆ, ಹೊಸ ಬಗೆಯ ನಿದ್ದೆಯ ಲ್ಯಾಪ್‌ಟಾಪುಗಳಲ್ಲಿ ಪ್ರತಿ ಸಲ, 1 ನಿಮಿಷ, 3, 5, 15 ಅಂತ ಸಾಲೇ ಇರುತ್ತದೆ.

ಕೂತು ನೋಡುವವರ ಕಣ್ಣಿಗೆ ಇದೆಲ್ಲ ಒಂದೇ: ಕಪ್ಪು ಪರದೆ. ಬಾಯಲ್ಲಿಯೂ ಒಂದೇ ಮಾತು: ಬಂದ್. ಮಾನಿಟರ್ ಆರಿದರೂ ಬಂದ್, ನಿದ್ದೆ ಹೋದರೂ ಬಂದ್, ಲಾಕ್ ಆದರೂ ಬಂದ್, ಶಟ್‌ಡೌನ್ ಆದರೂ ಬಂದ್, ನಡುವೆ ಕರೆಂಟ್ ಹೋದರಂತೂ ಬಂದೇ ಬಂದ್. “ಬಂದ್ ಆಗಿತ್ತು, ಹಚ್ಚಿದೆ, ಪಾಸ್‌ವರ್ಡ್ ಕೇಳಿತು” ಅಂತ ಕಾಕಾ ಫೋನಿನಲ್ಲಿ ಹೇಳಿದರೆ ಯಾವ ಬಂದ್ ಅಂತ ತಿಳಿಯುವುದೇ ದೊಡ್ಡ ಕೆಲಸ. ಯಂತ್ರ ಮನಸ್ಸಿಗೆ ಬಂದಂತೆ ಕುಣಿಯುತ್ತದೆ ಅನ್ನಿಸುವುದರಲ್ಲಿ ಅರ್ಧ ಪಾಲು ಈ ಬಂದ್‌ನದೇ ಅಂತ ನನ್ನ ಅನಿಸಿಕೆ. ಹಾಗಾಗಿ ಹಾಳೆಯಲ್ಲಿ ಆ ಮಾತನ್ನು ಶಟ್‌ಡೌನಿಗೆ ಮಾತ್ರ ಇಟ್ಟು, ಉಳಿದವಕ್ಕೆ ಬೇರೆ ಹುಡುಕುತ್ತಿದ್ದೇನೆ.

ಬೆಂಗಳೂರು-ಮೈಸೂರಿನವರು ಲಾಕಿಗೆ ‘ಬೀಗ’ ಸಾಕಲ್ಲ ಅನ್ನಬಹುದು. ನಮ್ಮಲ್ಲಿ ಬಾಗಿಲಿಗೆ ಹಾಕುವುದು ಕೀಲಿ. ಬೀಗ ಅಂದರೆ ಮೊದಲು ನೆನಪಾಗುವವರು ಮಗಳನ್ನು ಕೊಟ್ಟ ಮನೆಯ ಹಿರಿಯರು. “ಕಂಪ್ಯೂಟರಿಗೆ ಬೀಗ ಬಿದ್ದಿದೆ” ಅಂತ ಓದಿ ತೋರಿಸಿದಾಗ ಕಾಕು, “ಯಾರಿಗೂ ಪೆಟ್ಟಾಗಿಲ್ಲಲ್ಲ?” ಅಂದರು.

ಹಾಗಾದರೆ ಕೀಲಿ? ಇಲ್ಲಿಯೇ ನಿಜವಾದ ತೊಡಕು. ನಮ್ಮಲ್ಲಿ ಹಾಕುವುದು ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ಆದರೆ ‘ಕೀಲಿಮಣೆ’ ಅಂತ ಹೆಸರಿಟ್ಟವರಿಗೆ ಕೀಲಿ ಅಂದರೆ ಒತ್ತುವ ಗುಂಡಿ. ಗಡಿಯಾಚೆಯ ಮರಾಠಿಯಲ್ಲಿಯೂ ಕಿಲ್ಲಿ ಅನ್ನುವುದು ತೆಗೆಯುವ ಸಾಧನವೇ, ಹಾಕುವುದು ಕುಲೂಪ. ಈಗ ವಿಂಡೋಸಿನಲ್ಲಿ ಲಾಕ್ ಮಾಡುವ ಬಗೆಯನ್ನು ಬರೆಯಿರಿ ನೋಡೋಣ: “ಕೀಲಿ ಹಾಕಲು ಕೀಲಿಮಣೆಯ ವಿಂಡೋಸ್ ಕೀಲಿಯನ್ನು ಹಿಡಿದು ಎಲ್ ಕೀಲಿಯನ್ನು ಒತ್ತಿ.” ಒಂದೇ ವಾಕ್ಯದಲ್ಲಿ ಕೀಲಿ ನಾಲ್ಕು ಸಲ, ಎರಡು ಅರ್ಥದಲ್ಲಿ! ಬೇಕಾದರೆ ಕೀಲಿಮಣೆಯನ್ನು ಕೀಬೋರ್ಡ್ ಅಂತ, ಗುಂಡಿಯನ್ನು ಬಟನ್ ಅಂತ ಬರೆದು ಪಾರಾಗಬಹುದು. ಮನೆಯವರು ಅನ್ನುವುದೂ ಅದನ್ನೇ.

ಅದಾದ ಮೇಲೂ ಉಳಿಯುವ ಪ್ರಶ್ನೆ, ಕೀಲಿ ಯಾವುದಕ್ಕೆ ಸಲ್ಲಬೇಕು ಅನ್ನುವುದು. ನನ್ನ ಸಲಹೆ ಇಷ್ಟು. ಮನೆಯೊಳಗೆ ಮಂದಿ ಇದ್ದಾಗ ಒಳಗಿಂದ ಚಿಲಕ ಹಾಕುತ್ತೇವೆ. ಎಲ್ಲರೂ ಹೊರಗೆ ಬಿದ್ದಾಗ ಕೀಲಿ ಹಾಕುತ್ತೇವೆ. ಲಾಕ್ ಆದ ಕಂಪ್ಯೂಟರಿನಲ್ಲಿ ತೆರೆದ ಕಡತ, ಅರ್ಧ ಬರೆದ ಪತ್ರ, ಡೌನ್‌ಲೋಡ್ ಎಲ್ಲವೂ ಒಳಗೆ ನಡೆದೇ ಇರುತ್ತವೆ. ಹೀಗಾಗಿ ಅದು ಚಿಲಕ. ಲಾಗ್ ಔಟ್ ಆದಾಗ ಆ ಹೆಸರಿನವರ ಕೆಲಸವೆಲ್ಲ ಮುಚ್ಚಿಕೊಂಡು, ಅವರು ಹೊರಬಿದ್ದಂತೆ. ಹಾಗಾಗಿ ಅದು ಕೀಲಿ. ಬರೀ ಮಾನಿಟರ್ ಆರಿದ್ದಕ್ಕೂ ಮಾತು ಸಿದ್ಧವಾಗಿದೆ: ಚಿಲಕ ಹಾಕದೆ ‘ಬಾಗಿಲಾ ಮುಂದ ಮಾಡೂದು’. ದೂಡಿದರೆ ತೆರೆಯಿತು, ಯಾರೂ ಏನೂ ಕೇಳುವುದಿಲ್ಲ.

ಕಾಕಾ ಒಪ್ಪಲಿಲ್ಲ. “ಚಿಲಕ ಹಾಕಿದಾಂವ ಒಳಗ ಇರತಾನ. ನಾ ಲಾಕ್ ಮಾಡಿ ಪ್ಯಾಟಿಗೆ ಹೋಗಿರತೀನಿ. ಒಲಿ ಮ್ಯಾಲ ಹಾಲ ಇಟ್ಟು ಕೀಲಿ ಹಾಕ್ಕೊಂಡು ಹೋದಂಗ ಅಲ್ಲೇನು ಅದು?” ತೆಗೆದುಹಾಕುವಂಥ ಮಾತಲ್ಲ. ಒಳಗೆ ಇರುವುದು ಮನುಷ್ಯನೋ, ಅವನ ಕೆಲಸವೋ ಅನ್ನುವುದರ ಮೇಲೆ ಚಿಲಕ ನಿಲ್ಲುತ್ತದೆ ಇಲ್ಲವೇ ಬೀಳುತ್ತದೆ.

ಇನ್ನೊಂದು ಪ್ರಸಂಗದಲ್ಲಿ ಚಿಲಕ ಇನ್ನೂ ಪೇಚಿಗೆ ಸಿಗುತ್ತದೆ. ರಾತ್ರಿ ಅಪ್‌ಡೇಟ್ ಆಗಿ ವಿಂಡೋಸ್ ತಾನೇ ಮರಳಿ ಶುರುವಾದಾಗ, ಅದಕ್ಕೆಂದೇ ಇರುವ ಸೌಲಭ್ಯ ಚಾಲೂ ಇದ್ದರೆ, ಹಿಂದೆ ಒಳಗಿದ್ದವರ ಹೆಸರಿನಲ್ಲಿ ತಾನೇ ಲಾಗಿನ್ ಆಗಿ, ಉಳಿದ ಕೆಲಸ ಮುಗಿಸಿ, ತಕ್ಷಣ ಲಾಕ್ ಮಾಡಿಕೊಳ್ಳುತ್ತದೆ. ಮನೆಯವರೆಲ್ಲ ಮಲಗಿದ್ದಾಗ ಒಳಹೊಕ್ಕು ಚಿಲಕ ಹಾಕಿಕೊಂಡವರು ಯಾರು? ಇದಕ್ಕೆ ಹಾಳೆಯಲ್ಲಿ ಒಂದು ಸಾಲು ಬೇಕೇ ಬೇಕು, ಏಕೆಂದರೆ ಮುಂಜಾನೆ ಪರದೆ ನೋಡಿದ ಕಾಕಾಗೆ ಅದು ಲಾಗಿನ್ ಪರದೆಯೋ ಲಾಕ್ ಪರದೆಯೋ ತಿಳಿಯುವುದಿಲ್ಲ. ವಿಂಡೋಸ್ 7ರಲ್ಲಿ ಹೆಸರಿನ ಕೆಳಗೆ ‘ಲಾಕ್ಡ್’ ಅಂತ ಬರುತ್ತಿತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೊದಲು ಗಡಿಯಾರವಿರುವ ಚಿತ್ರ, ಅದನ್ನು ಸರಿಸಿದರೆ ಪಾಸ್‌ವರ್ಡಿನ ಡಬ್ಬಿ. ಅದೇ ಚಿತ್ರ ಲಾಕ್ ಆದಾಗಲೂ ಬರುತ್ತದೆ, ಯಾರೂ ಲಾಗಿನ್ ಆಗಿರದೆ ಆಗತಾನೇ ಶುರುವಾದಾಗಲೂ ಬರುತ್ತದೆ. ಅದನ್ನು ‘ಲಾಕ್ ಸ್ಕ್ರೀನ್’ ಅನ್ನುವುದೇ ಅರೆಸುಳ್ಳು. ನಾನು ‘ಬಾಗಿಲ ಪರದೆ’ ಅಂತ ಬರೆದಿದ್ದೇನೆ. ಮುಂಬಾಗಿಲಿಗೆ ಬಟ್ಟೆಯ ಪರದೆ ಕಟ್ಟುವ ನಮ್ಮ ಮನೆಗಳಲ್ಲಿ ಇದು ನಡೆದೀತು ಅನ್ನಿಸಿತು. ಅದೇ ವಿಂಡೋಸ್ 8ರಲ್ಲಿ ‘ಲಾಗ್ ಆಫ್’ ಹೋಗಿ ‘ಸೈನ್ ಔಟ್’ ಆಯಿತು. ಇದನ್ನು ಯಾರಾದರೂ ಸಹಿಗೆ ಗಂಟುಹಾಕುವ ಮುಂಚೆ ಹೇಳಿಬಿಡುತ್ತೇನೆ, ದಯವಿಟ್ಟು ಬೇಡ.

ಪಾಸ್‌ವರ್ಡಿಗೆ ಗುಪ್ತಪದ, ಪ್ರವೇಶಪದ ಎರಡೂ ಓಡಾಡುತ್ತಿವೆ. ನಾನು ಪಾಸ್‌ವರ್ಡ್ ಅಂತಲೇ ಬಿಟ್ಟಿದ್ದೇನೆ, ಅದರ ಚರ್ಚೆ ಬೇಡ. ಆದರೆ ಪಿನ್ ಬೇರೆ, ಪಾಸ್‌ವರ್ಡ್ ಬೇರೆ ಅಂತ ಹೇಳಲೇಬೇಕು. ವಿಂಡೋಸಿನ ಪಿನ್ ಆ ಒಂದು ಯಂತ್ರಕ್ಕಷ್ಟೇ ಸಂಬಂಧಿಸಿದ್ದು. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಖಾತೆಯ ಜೊತೆ ಎಲ್ಲ ಕಡೆ ಬರುತ್ತದೆ. ಪಿನ್ ಅಂದಾಗ ಕಾಕು 580ರಿಂದ ಶುರುವಾಗುವ ಅಂಚೆಯ ಆರು ಅಂಕಿ ಹಾಕಲು ಹೊರಟಿದ್ದರು. ಪಿನ್ ಕೋಡ್ ಬಂದದ್ದು 1972ರಲ್ಲಿ, ನಮ್ಮ ಮನೆಗಳಲ್ಲಿ ಆ ಮಾತಿನ ಮೇಲೆ ಅಂಚೆಯ ಹಕ್ಕೇ ಹಳೆಯದು. ‘ಯಂತ್ರದ ಅಂಕಿ’ ಅಂದರೆ ಹೇಗೆ?

ಲಿನಕ್ಸ್ ಬಳಸುವವರಿಗೊಂದು ಪ್ರಶ್ನೆ. ನನ್ನ ಉಬುಂಟುವಿನಲ್ಲಿಯೂ ತಾನೇ ಲಾಗಿನ್ ಆಗುವಂತೆ ಇಟ್ಟರೆ, ಬ್ರೌಸರ್ ತೆರೆದಾಗ ‘ಕೀರಿಂಗ್’ (ಉಳಿಸಿಟ್ಟ ಪಾಸ್‌ವರ್ಡುಗಳ ಪೆಟ್ಟಿಗೆ) ತೆರೆಯಲು ಪಾಸ್‌ವರ್ಡ್ ಹಾಕು ಅನ್ನುತ್ತದೆ. ಲಾಗಿನ್ ಆಗುವಾಗ ಪಾಸ್‌ವರ್ಡನ್ನೇ ಕೊಡದಿದ್ದರೆ ಅದು ತೆರೆಯುವುದಾದರೂ ಹೇಗೆ? ಕಾರಣ ಸರಿಯೇ, ಹೆಸರು ಬೇಕು. ‘ಕೀಲಿಗೊಂಚಲು’ ಅಂದರೆ ನಮ್ಮ ಕಡೆಯ ಅರ್ಥದಲ್ಲಿ ಹಾಕುವ ಕೀಲಿಗಳ ಗೊಂಚಲಾಗುತ್ತದೆ, ‘ಕೀಲಿಕೈ ಗೊಂಚಲು’ ಪರದೆಯ ಮೇಲೆ ಉದ್ದವಾಗುತ್ತದೆ.

ಕಿಟೆಲ್ ನಿಘಂಟು ಕೈಗೆಟಕುವವರು ಕೀಲಿ, ಬೀಗ, ಅಗುಳಿ ಮೂರನ್ನೂ ನೋಡಿ ಬರೆಯಿರಿ. ಆ ನಿಘಂಟು ಬಂದ 1894ರ ಹೊತ್ತಿಗೆ ಕೀಲಿ ಹಾಕುವುದಾಗಿತ್ತೋ ತೆಗೆಯುವುದಾಗಿತ್ತೋ ಅನ್ನುವ ಕುತೂಹಲ ನನಗಿದೆ. ಹಾವೇರಿ, ಗದಗ ಕಡೆಯವರು ಚಿಲಕ ಅನ್ನುವುದು ಒಳಗಿನದಕ್ಕಷ್ಟೇ ಅಥವಾ ಹೊರಗಿನ ಕೊಂಡಿಗೂ ಹೌದೋ ತಿಳಿಸಿ. ಹೊರಗಿನದಕ್ಕೂ ಹೌದಾದರೆ ನನ್ನ ಜೋಡಿ ಮುರಿಯುತ್ತದೆ, ಆಗ ಕಾಕಾ ಹೇಳಿದಂತೆ ಲಾಕಿಗೆ ಕೀಲಿ ಬಿಟ್ಟುಕೊಟ್ಟು, ಲಾಗ್ ಔಟಿಗೆ ‘ಹೊರಬೀಳು’ ಅಂತ ಬರೆಯುತ್ತೇನೆ.