ಪದ ಬೇಕು, ತುರ್ತು: ಧ್ರುವಪ್ರದೇಶದ ಪ್ರಾಣಿಗಳ 'ಸರ್ಕೇಡಿಯನ್ ರಿದಮ್'

ಗೆಳೆಯರೇ, 'ಸರ್ಕೇಡಿಯನ್ ರಿದಮ್'ಗೆ, ಅಂದರೆ ನಿದ್ದೆ, ಎಚ್ಚರ, ಓಡಾಟ ದಿನದಿನವೂ ತಮ್ಮ ವೇಳೆಗೆ ಮರುಕಳಿಸುವ ಕ್ರಮಕ್ಕೆ, ಒಂದು ಪದ ಬೇಕಾಗಿದೆ. ಧ್ರುವಪ್ರದೇಶದ ಪ್ರಾಣಿಗಳ ಬಗ್ಗೆ ಒಂದು ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಉಳಿದದ್ದೆಲ್ಲ ಮುಗಿದಿದೆ, ಸ್ವಾಲ್ಬಾರ್ಡ್ ಹಿಮಸಾರಂಗದ ಫಲಕದಲ್ಲಿ ಸಿಕ್ಕಿಕೊಂಡಿದ್ದೇನೆ.

ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ ದ್ವೀಪಗಳು, 78 ಡಿಗ್ರಿ ಉತ್ತರದ ಆಸುಪಾಸಿನಲ್ಲಿವೆ. ಏಪ್ರಿಲ್ 20ರ ಸುಮಾರಿಗೆ ಮೇಲೆ ಬಂದ ಸೂರ್ಯ ಆಗಸ್ಟ್ ಮೂರನೇ ವಾರ ದಾಟುವ ತನಕ ಅಲ್ಲಿ ಮುಳುಗುವುದಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನ ತನಕ ಹುಟ್ಟುವುದೂ ಇಲ್ಲ. ಮೂಲದಲ್ಲಿರುವ ಮಾತು ಇಷ್ಟೇ: ನಡುಬೇಸಿಗೆಯಲ್ಲೂ ಕಗ್ಗತ್ತಲ ತಿಂಗಳುಗಳಲ್ಲೂ ಈ ಪ್ರಾಣಿಯ ಓಡಾಟದಲ್ಲಿ ಸರ್ಕೇಡಿಯನ್ ರಿದಮ್ ಕಾಣುವುದಿಲ್ಲ, ಹಗಲು ರಾತ್ರಿ ಎರಡೂ ಇರುವ ವಸಂತದಲ್ಲಿ, ಶರತ್ಕಾಲದಲ್ಲಿ ಮತ್ತೆ ಕಾಣುತ್ತದೆ.

ನಾನು 'ದೈನಿಕ ಲಯ' ಅಂತ ಹಾಕಿದ್ದೆ. ಓದಿದವರೊಬ್ಬರು 'ದಿನಾ ನಾಶ ಆಗೋದಾ?' ಅಂತ ಕೇಳಿದರು. ಆಮೇಲೆ ಕೈ ಓಡುತ್ತಿಲ್ಲ. ಓದುವವರಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳೇ ಜಾಸ್ತಿ. ಜಾಗ ಎರಡೇ ಸಾಲು.

ಪಕ್ಕದಲ್ಲಿ ಒಂದು ಚಿತ್ರ ಇದೆ. ಒಂದು ದಿನಕ್ಕೆ ಒಂದು ಗೆರೆ, ಪ್ರಾಣಿ ಓಡಾಡಿದಾಗೆಲ್ಲ ಅದರ ಮೇಲೆ ಕಪ್ಪು ಗುರುತು. ಮಾರ್ಚಿನ ಗೆರೆಗಳಲ್ಲಿ ಕಪ್ಪು ಒಂದರ ಕೆಳಗೊಂದು ಕೂತು ಕಂಬದ ಹಾಗೆ ಕಾಣುತ್ತದೆ. ಜೂನ್‌ಗೆ ಬಂದರೆ ಆ ಕಂಬವೇ ಇಲ್ಲ, ಮಸಿ ಸಿಡಿದ ಹಾಗೆ ಗೆರೆಯ ತುಂಬ ಹರಡಿಕೊಂಡಿದೆ. ಈ ಚಿತ್ರಕ್ಕೆ ಒಪ್ಪುವ ಮಾತು ಬೇಕು.

ಮರು 1

'ಜೈವಿಕ ಗಡಿಯಾರ'. ಎಲ್ಲರಿಗೂ ಗೊತ್ತಿರುವ ಪದ. 2017ರ ವೈದ್ಯಕೀಯ ನೊಬೆಲ್ ಬಂದಿದ್ದೂ ಇದರ ಕೆಲಸಕ್ಕೇ. ಹೊಸದು ಹುಟ್ಟಿಸುವ ಅಗತ್ಯ ಇಲ್ಲ.

ಮರು 2

ಅಗತ್ಯ ಇದೆ. ಗಡಿಯಾರ ಬೇರೆ, ಅದರಿಂದ ನಡೆಯುವ ದಿನಚರಿ ಬೇರೆ. ಸಾರಂಗದ ಓಡಾಟದಲ್ಲಿ ಕ್ರಮ ಕಾಣದೆ ಹೋಯಿತು ಅಂದ ಮಾತ್ರಕ್ಕೆ ಒಳಗಿನ ಗಡಿಯಾರ ನಿಂತಿದೆ ಅಂತ ಹೇಳಲು ಬರುವುದಿಲ್ಲ. ಫಲಕದಲ್ಲಿ 'ಜೈವಿಕ ಗಡಿಯಾರ ಇಲ್ಲ' ಅಂತ ಬರೆದರೆ ಅದು ತಪ್ಪು ಮಾಹಿತಿ, ಅಷ್ಟೇ.

'ಲಯ' ಕೂಡ ಬೇಡ. ಲೀ ಧಾತುವಿನ ಪದ ಅದು, ಲೀನ ಆಗುವುದು, ಕರಗಿ ಹೋಗುವುದು. ಸೃಷ್ಟಿ, ಸ್ಥಿತಿ, ಲಯ ಅಂತ ಕೇಳಿ ಬೆಳೆದವರು ನಾವು. ನಿಮ್ಮ ಓದುಗರು ಕೇಳಿದ್ದು ನ್ಯಾಯವಾಗಿಯೇ ಇದೆ. ಕನ್ನಡದ್ದೇ 'ಮಿಡಿತ' ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? 'ದಿನದ ಮಿಡಿತ' ಅಂತ ಹಾಕಿ.

ಮರು 3

ತಾಳ ಲಯ ಅನ್ನುವಾಗ ಯಾರಿಗೂ ನಾಶ ನೆನಪಾಗುವುದಿಲ್ಲ. ಹಾಡು ಕೇಳಿದವರೆಲ್ಲರಿಗೂ ಲಯ ಗೊತ್ತು. ಪದದ ಅರ್ಥ ಇರುವುದು ಬಳಕೆಯಲ್ಲಿ, ಧಾತುವಿನಲ್ಲಲ್ಲ.

ಇನ್ನು ಅಚ್ಚಕನ್ನಡ ಬೇಕು ಅನ್ನುವವರು ತಮ್ಮ ಪದವನ್ನೇ ಒಮ್ಮೆ ನೋಡಿಕೊಳ್ಳಲಿ. 'ದಿನ' ಸಂಸ್ಕೃತ. ಮಿಡಿತ ಅಂದರೆ ಎದೆಬಡಿತ ಅಂತಲೇ ಮಕ್ಕಳು ತಿಳಿಯುತ್ತಾರೆ, ಪಕ್ಕದಲ್ಲಿ ಪ್ರಾಣಿಯ ಚಿತ್ರ ಬೇರೆ ಇದೆ.

ಮರು 2, ಮತ್ತೆ

ಸರಿ, ದಿನ ಬಿಡಿ. 'ನಾಳ್' ಇದೆ. ನಾಳೆ, ನಾಡಿದ್ದು ಎಲ್ಲ ಅದರಿಂದಲೇ ಬಂದದ್ದು. ತಮಿಳಿನಲ್ಲಿ ಇವತ್ತಿಗೂ ದಿನಕ್ಕೆ ಅದೇ ಪದ. 'ನಾಳ್ಮಿಡಿತ' ಅನ್ನಿ. ಬಳಸದೆ ಬಿಟ್ಟಿದ್ದಕ್ಕೇ ಇಂಥ ಪದಗಳು ನಮಗೆ ಪರಕೀಯವಾಗಿವೆ. ನನಗೆ ಇದು ನೋವಿನ ವಿಷಯ, ಹಟದ್ದಲ್ಲ.

ಮರು 4

ಮಗು ಅದನ್ನು ನಾಳೆಯ ಮಿಡಿತ ಅಂತ ಓದುತ್ತದೆ. ಬೇಡ.

ಸುಮ್ನೆ 'ಸರ್ಕೇಡಿಯನ್' ಅಂತಲೇ ಇಡಿ. ಅದು ಇಂಗ್ಲಿಷಿನವರ ಅಜ್ಜನ ಆಸ್ತಿ ಏನಲ್ಲ. ಫ್ರಾಂಜ್ ಹಾಲ್ಬರ್ಗ್ ಅನ್ನುವ ವಿಜ್ಞಾನಿ 1959ರಲ್ಲಿ ಲ್ಯಾಟಿನ್ನಿನ ಎರಡು ಪದ ಕೂಡಿಸಿ ಕಟ್ಟಿದ್ದು. ಒಂದಕ್ಕೆ 'ಸುಮಾರು' ಅಂತ ಅರ್ಥ, ಇನ್ನೊಂದಕ್ಕೆ 'ದಿನ'. ಆ 'ಸುಮಾರು' ಇದೆಯಲ್ಲ, ಅದೇ ಪದದ ಜೀವ. ಹೊರಗಿನ ಬೆಳಕು ತೆಗೆದುಬಿಟ್ಟರೆ ಮೈಯ ಗಡಿಯಾರ ಸರಿಯಾಗಿ 24 ಗಂಟೆಗೆ ತಿರುಗುವುದಿಲ್ಲ, ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. 'ದೈನಿಕ', 'ದಿನದ' ಅಂದಕೂಡಲೇ ಆ ಸುಮಾರು ಸತ್ತುಹೋಯಿತು. ಇಲ್ಲಿ ಯಾರೂ ಅದರ ಬಗ್ಗೆ ಮಾತೇ ಎತ್ತಿಲ್ಲ, ಎಲ್ಲರೂ ಲಯ ಮಿಡಿತ ಅಂತ ಜಗಳಕ್ಕೆ ನಿಂತಿದ್ದೀರಿ.

ಬಸ್ಸು, ಪೆನ್ನು, ಡಾಕ್ಟರು ನಮ್ಮವಾದ ಹಾಗೆ ಇದೂ ಆಗುತ್ತದೆ. ಕೊಟ್ಟು ತೆಗೆದುಕೊಂಡೇ ಭಾಷೆ ಬೆಳೆದಿರುವುದು.

ಮರು 3, ಮತ್ತೆ

ಬಸ್ಸು ಕಣ್ಣಿಗೆ ಕಂಡಿತು, ಹತ್ತಿದೆವು, ಪದ ಬಂತು. ಸರ್ಕೇಡಿಯನ್ ಕಣ್ಣಿಗೆ ಕಾಣುವ ವಸ್ತುವಲ್ಲ. ಪದ ತಿಳಿದರೆ ಮಾತ್ರ ವಿಷಯ ತಿಳಿಯುತ್ತದೆ. ಎರಡೂ ಒಂದೇ ಬಗೆಯ ಎರವಲು ಅಲ್ಲ. ವಿಜ್ಞಾನ ಅಂದಕೂಡಲೇ ಮೂಲ ಪದ ಹಾಗೇ ಇಡಿ ಅನ್ನುವುದರಿಂದಲೇ ಓದುವ ಮಕ್ಕಳು ಬಾಯಿಪಾಠಕ್ಕೆ ಇಳಿಯುತ್ತಾರೆ. ಇದನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ!

ಮರು 5

ನೀವೆಲ್ಲ ನಾಮಪದ ಹುಡುಕುತ್ತಿದ್ದೀರಿ. ಫಲಕಕ್ಕೆ ಬೇಕಾಗಿರುವುದು ಒಂದು ವಾಕ್ಯ.

'ಹೊತ್ತು' ನೋಡಿ. ಹಳಗನ್ನಡದ ಪೊೞ್ತು. ಅದಕ್ಕೆ ಸಮಯ ಅಂತಲೂ ಅರ್ಥ, ಸೂರ್ಯ ಅಂತಲೂ ಅರ್ಥ. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಅಂತೀವಿ, ಅದೇ ಉಸಿರಲ್ಲಿ ಊಟದ ಹೊತ್ತು, ಮಲಗುವ ಹೊತ್ತು ಅಂತಲೂ ಅಂತೀವಿ. ಸೂರ್ಯನನ್ನೂ ಸಮಯವನ್ನೂ ಒಂದೇ ಪದದಲ್ಲಿ ಕಟ್ಟಿಟ್ಟಿರುವ ಭಾಷೆ ನಮ್ಮದು. ಸೂರ್ಯ ಮುಳುಗದ ಜಾಗದಲ್ಲಿ ಪ್ರಾಣಿಯ ವೇಳೆ ಏನಾಗುತ್ತದೆ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಪದ ಎಲ್ಲಿಂದ ತರುತ್ತೀರಿ? ಇನ್ನೊಂದು ಮಾತು ನಮ್ಮ ಬಾಯಲ್ಲೇ ಇದೆ. 'ಹೊತ್ತುಗೊತ್ತಿಲ್ಲದೆ ಬರ್ತಾನೆ' ಅಂತೀವಲ್ವಾ? ಅದು. ಹಿಮಸಾರಂಗಕ್ಕೆ ಬೇಸಿಗೆಯಲ್ಲಿ ಹೊತ್ತುಗೊತ್ತಿಲ್ಲ. ಚಿತ್ರದಲ್ಲಿ ಮಸಿ ಸಿಡಿದ ಹಾಗಿದೆ ಅಂದಿರಲ್ಲ, ಆ ಮಾತಿಗೆ ಇದೇ ಕನ್ನಡ.

ಮರು 2, ಮತ್ತೆ

ಮಾತು ಚೆನ್ನಾಗಿದೆ. ಆದರೆ ಹೊತ್ತು ಅಂದರೆ ಸೂರ್ಯನಿಗೆ ಕಟ್ಟಿಹಾಕಿದಿರಿ. ಈ ವಿಷಯದ ಮೂಲವೇ ಸೂರ್ಯ ಇಲ್ಲದೆಯೂ ಒಳಗೆ ನಡೆಯುವುದು. 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ದೆ ಮೇರಾಂ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಎಲೆಗಳು ಕತ್ತಲಲ್ಲೂ ತಮ್ಮ ವೇಳೆಗೆ ಬಿಚ್ಚಿಕೊಂಡವು, ಮುಚ್ಚಿಕೊಂಡವು. ಅಲ್ಲಿ ಯಾವ ಹೊತ್ತು ಹುಟ್ಟಿತ್ತು? ಮತ್ತೆ 'ಗೊತ್ತು' ಅಂದರೆ ತಿಳಿವಳಿಕೆ. ಸಾರಂಗಕ್ಕೆ ಏನೂ ತಿಳಿಯುವುದಿಲ್ಲ ಅನ್ನುವ ಹಾಗೆ ಆಗುತ್ತದೆ.

ಮರು 5, ಮತ್ತೆ

ಆ ಗೊತ್ತು ಬೇರೆ, ಈ ಗೊತ್ತು ಬೇರೆ. ಗೊತ್ತುಪಡಿಸು ಅಂತೀವಲ್ಲ, ಆ ಗೊತ್ತು. ನಿಗದಿ, ನೆಲೆ.

ಸೂರ್ಯನಿಗೆ ಕಟ್ಟಿಹಾಕಿಲ್ಲ. ನಡುರಾತ್ರಿಗೂ ಸರಿಹೊತ್ತು ಅಂತಲೇ ಅಂತೀವಿ, ಆಗ ಸೂರ್ಯ ಇರುತ್ತಾನಾ? ಹೊತ್ತು ಸೂರ್ಯನಿಂದ ಶುರುವಾಗಿ ಅವನಿಲ್ಲದೆಯೂ ನಡೆಯಲು ಕಲಿತಿದೆ. ಆ ಗಿಡ ಮಾಡಿದ್ದೂ ಅದನ್ನೇ.

ಕೇಳಿದವರು

ಎಲ್ಲರಿಗೂ ವಂದನೆ. ಮರು 5ರ ಮಾತನ್ನು ಉಳಿದ ಫಲಕಗಳ ಮೇಲೂ ಇಟ್ಟು ನೋಡಿದೆ, ಒಂದು ಕಡೆ ಕೂತು ಇನ್ನೊಂದು ಕಡೆ ಕೂರದ ಪದ ಉಪಯೋಗಕ್ಕೆ ಬರುವುದಿಲ್ಲ ಅಲ್ವಾ.

ಅಲಾಸ್ಕದ ನೆಲ ಅಳಿಲು ಇದೆ. ಸೂರ್ಯ ಮುಳುಗದ ಬೇಸಿಗೆಯಲ್ಲೂ ಅದರ ಮೈಬಿಸಿ ದಿನಕ್ಕೊಮ್ಮೆ ಕ್ರಮವಾಗಿ ಏರಿ ಇಳಿಯುತ್ತದೆ. ಚಳಿಗಾಲದ ನಿದ್ದೆಗೆ ಇಳಿದಾಗ ಮೈಬಿಸಿ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುತ್ತದೆ, ಆಗ ಈ ಏರಿಳಿತ ಕಾಣುವುದಿಲ್ಲ. 'ಅಳಿಲು ಹೊತ್ತುಗೊತ್ತು ಬಿಡುವುದಿಲ್ಲ' ಅಂತ ಬರೆದೆ, ಸರಿಯಾಗಿ ಕೂತಿತು.

ತೊಡಕಾಗಿದ್ದು ಕಡಲ ಫಲಕದಲ್ಲಿ. ಆರ್ಕ್‌ಟಿಕ್‌ನ ಕತ್ತಲ ಚಳಿಗಾಲದಲ್ಲಿ ನೀರಿನ ಸಣ್ಣ ಸಣ್ಣ ಜೀವಿಗಳು ಚಂದ್ರನ ಬೆಳಕು ನೋಡಿಕೊಂಡು ಮೇಲೆ ಕೆಳಗೆ ಓಡಾಡುತ್ತವೆ, 24.8 ಗಂಟೆಗೊಂದು ಸುತ್ತು. ಅಲ್ಲಿ ಸೂರ್ಯನ ಅರ್ಥ ಇರುವ ಹೊತ್ತು ಬಳಸಲು ಮನಸ್ಸು ಬರಲಿಲ್ಲ. 'ಚಂದ್ರನ ಲಯ' ಅಂತಲೇ ಇಟ್ಟಿದ್ದೇನೆ. ಮರು 2 ಅವರು ಬೇಜಾರು ಮಾಡಿಕೊಳ್ಳಬಾರದು. ಚಂದ್ರನ ಪಕ್ಕದಲ್ಲಿ ಲಯ ನೋಡಿ ಯಾರೂ ನಾಶ ಅಂದುಕೊಳ್ಳುವುದಿಲ್ಲ ಅಂತ ನನ್ನ ನಂಬಿಕೆ.

ಸಾರಂಗದ ಎರಡು ಸಾಲು ಹೀಗಿದೆ:

"ಸೂರ್ಯ ಮುಳುಗದ ಬೇಸಿಗೆಯಲ್ಲೂ ಹುಟ್ಟದ ಚಳಿಗಾಲದಲ್ಲೂ ಹಿಮಸಾರಂಗ ಹೊತ್ತುಗೊತ್ತಿಲ್ಲದೆ ಮೇಯುತ್ತದೆ, ಮಲಗುತ್ತದೆ. ಹಗಲು ರಾತ್ರಿ ಮರಳಿದಾಗ ಅದರ ದಿನಚರಿಯೂ ಮರಳುತ್ತದೆ."

'ಸರ್ಕೇಡಿಯನ್' ಅನ್ನು ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ, 'ಸುಮಾರು ಒಂದು ದಿನದ್ದು' ಅನ್ನುವ ಅರ್ಥದ ಜೊತೆ ಕೊಟ್ಟಿದ್ದೇನೆ.

ಮರು 4, ಮತ್ತೆ

ಸುಮಾರು ಉಳಿಯಿತಲ್ಲ, ಸಾಕು. ನನ್ನ ತಕರಾರು ಇಲ್ಲ.

ಮರು 2, ಮತ್ತೆ

ಲಯದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಹೊತ್ತುಗೊತ್ತು ಕೂಡಿಸಿಯೇ ಬರೆಯಿರಿ, ಅಚ್ಚಿನವರು ಬಿಡಿಸಿದರೆ ಅರ್ಥ ಕೆಡುತ್ತದೆ. ಕರಡು ಬಂದಾಗ ಒಮ್ಮೆ ನೋಡಿ.